ಮೂವತ್ತೊಂದನೇ ನಂಬರಿನ ಮುಖ

ಕಂತು ೬

"ಮೇಡಂ, ಇಮಾಮಬೀ ರಾಜೀನಾಮೆ ಕೊಟ್ಟಾರ ಅಂತ ನಾ ಹೇಳ್ತಿಲ್ರಿ. ಸಿಸ್ಟಮ್ ಹೇಳ್ತೈತಿ."

ಕಂಪನಿಯ ಎಚ್‌ಆರ್ ಅಧಿಕಾರಿ ಪ್ರವೀಣಕುಮಾರ ಇದನ್ನು ಆ ಬೆಳಿಗ್ಗೆ ನಾಲ್ಕನೇ ಸಲ ಹೇಳಿದ. ನಾಲ್ಕೂ ಸಲ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿ ಅದೇ ಹಸಿರು ಟಿಕ್ಕು ತೋರಿಸಿದ.

"ತಮ್ಮಾ, ಸಿಸ್ಟಮ್‌ಗೆ ಬಾಯಿಲ್ಲ. ನಿನಗೈತಿ. ನೀ ಹೇಳು."

"ನನಗೇನ್ ಗೊತ್ರಿ ಮೇಡಂ? ಎಲ್ಲಾ ಕ್ಲೌಡಿನ್ಯಾಗ ಐತಿ."

ಮೂವತ್ತೆರಡು ವರ್ಷ ಯಲಬುರ್ಗಾ, ಗಂಗಾವತಿ, ಕೊಪ್ಪಳ ಅಂತ ಕಾರ್ಮಿಕ ಇಲಾಖೆಯ ಇನ್‌ಸ್ಪೆಕ್ಟರಾಗಿ ಸುತ್ತಿ ನಿವೃತ್ತಳಾದವಳು ನಾನು. ಸುಳ್ಳು ಹಾಜರಿ ಪುಸ್ತಕ ನೋಡಿದ್ದೇನೆ. ಇಲಿ ತಿಂದದ್ದನ್ನು ನೋಡಿದ್ದೇನೆ. ನನ್ನ ಜೀಪು ಕಂಡ ಕೂಡಲೇ ಬಾವಿಗೆ ಎಸೆದದ್ದನ್ನು ಮೇಲೆತ್ತಿಸಿ, ಬಿಸಿಲಿಗೆ ಹಾಕಿ ಓದಿದ್ದೇನೆ. ಈ ಕ್ಲೌಡಿನ ಹಾಜರಿ ಪುಸ್ತಕವನ್ನು ಮಾತ್ರ ಯಾವ ಬಾವಿಯಿಂದ ಎತ್ತಬೇಕೋ ಗೊತ್ತಾಗದೆ ತಲೆ ಚಿಟ್ಟು ಹಿಡಿದಿತ್ತು.

ವಿಷಯ ಇಷ್ಟೇ. ಕುಷ್ಟಗಿಯಿಂದ ತಾವರಗೇರಾಕ್ಕೆ ಹೋಗುವ ರಸ್ತೆಯ ಈ ಬೀಜದ ಕಂಪನಿಯಲ್ಲಿ ಹತ್ತೊಂಬತ್ತು ವರ್ಷ ಬೀಜ ಆರಿಸಿದ ಇಮಾಮಬೀ, ಮೇ ಹತ್ತೊಂಬತ್ತರಂದು ಮೊಬೈಲಿಗೆ ಮುಖ ತೋರಿಸಿ ತಾನಾಗಿಯೇ ರಾಜೀನಾಮೆ ಕೊಟ್ಟಳು ಅನ್ನುತ್ತದೆ ಕಂಪನಿ. ಕೊಟ್ಟಿಲ್ಲ ಅನ್ನುತ್ತಾಳೆ ಅವಳು. ಜೂನ್ ನಾಲ್ಕರಂದು, ರಾಜೀನಾಮೆ ಮಂಜೂರಾಗಿದೆ ಅಂತ ಗೇಟಿನಲ್ಲಿ ಅವಳನ್ನು ತಡೆದಾಗ ಶೆಡ್ಡಿನ ಹೆಂಗಸರೆಲ್ಲ ಕೆಲಸ ಬಿಟ್ಟು ರಸ್ತೆಗೆ ಬಂದು ಕೂತರು. ಹಾಗಾಗಿ ಪ್ಲಾಂಟ್ ಮ್ಯಾನೇಜರ್ ಗುರುಬಸವ ಅವರು ಹೊರಗಿನವಳಾದ ನನ್ನನ್ನು ವಿಚಾರಣೆಗೆ ನೇಮಿಸಿದ್ದರು. "ಹಳೇ ಕೆಲಸಗಾರ್ತಿ ವಿರೂಪಾಕ್ಷಮ್ಮಾರ, ಅಕಿಗೆ ನ್ಯಾಯ ಸಿಗಬೇಕ್ರಿ," ಅಂದಿದ್ದರು. ಆ ಮಾತು ನನಗೆ ಹಿಡಿಸಿತ್ತು.

ವಿಚಾರಣೆ ಜೂನ್ ಹದಿನೆಂಟು, ಮಧ್ಯಾಹ್ನ ಎರಡಕ್ಕೆ ಎಂದು ಪತ್ರದಲ್ಲಿ ಬರೆದಿತ್ತು. ಕೊಪ್ಪಳದ ಬಸ್ಸನ್ನು ನಂಬಿ ಹೇಳಿದ ಹೊತ್ತಿಗೆ ತಲುಪಿದವರನ್ನು ನಾನು ಕಂಡಿಲ್ಲ. ಹಾಗಾಗಿ ಬೆಳಿಗ್ಗೆಯ ಬಸ್ಸು ಹಿಡಿದು ಹತ್ತಕ್ಕೇ ಬಂದೆ. ಗೇಟಿನ ಯಂತ್ರ ಮೂರು ಸಲ ನನ್ನ ಮುಖ ನೋಡಿ ಮೂರು ಸಲವೂ ಕೆಂಪು ದೀಪ ಹತ್ತಿಸಿತು. ಕಾವಲುಗಾರ ಓಬಳೆಪ್ಪ ಪಾಪ, ಮುಜುಗರಪಟ್ಟು ಪಕ್ಕದ ಸಣ್ಣ ಬಾಗಿಲಿನಿಂದ ಒಳಗೆ ಬಿಟ್ಟ. "ಗುರುಬಸವ ಸಾಹೇಬ್ರು ಕುಷ್ಟಗಿಗೆ ಮೀಟಿಂಗಿಗೆ ಹೋಗ್ಯಾರ್ರಿ, ಎರಡಕ್ಕ ಬರ್ತಾರ," ಅಂದ.

ಇಮಾಮಬೀ ನನಗಿಂತ ಮೊದಲೇ ಬಂದು ಆಫೀಸಿನ ಗೋಡೆ ಪಕ್ಕದ ಬೆಂಚಿನ ತುದಿಗೆ ಕೂತಿದ್ದಳು. ನಲವತ್ತೆಂಟರ ಹೆಂಗಸು, ಬಣ್ಣ ಮಾಸಿದ ನೀಲಿ ಸೀರೆ. ಕೆಲಸ ಬಿಡಿಸಿ ಎರಡು ವಾರವಾದರೂ, ಬೀಜಕ್ಕೆ ಹಚ್ಚುವ ಔಷಧಿಯ ಗುಲಾಬಿ ಬಣ್ಣ ಅವಳ ಉಗುರಿನ ಸಂದಿನಿಂದ ಹೋಗಿರಲಿಲ್ಲ. ಚಹಾದ ಲೋಟವನ್ನು ಕಿರುಬೆರಳು ಎತ್ತಿ ಹಿಡಿದಿದ್ದಳು. ಮೊದಲ ದಿನ ಅದನ್ನು ನೋಡಿ ಇವಳದೇನು ನವಾಬರ ಠೀವಿ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಆ ಬೆರಳು ಹಿಂದೊಮ್ಮೆ ಜರಡಿ ಯಂತ್ರಕ್ಕೆ ಸಿಕ್ಕು ಡೊಂಕಾಗಿದೆ, ಮಡಚಲು ಬರುವುದಿಲ್ಲ. ನನಗೇ ನಾಚಿಕೆಯಾಯಿತು.

ಅವಳ ಗಂಡ ನೂರಸಾಬನಿಗೆ ವಾರಕ್ಕೆರಡು ಸಲ ಕೊಪ್ಪಳದಲ್ಲಿ ಡಯಾಲಿಸಿಸ್. ಅದು ನಡೆಯುವುದು ಇವಳ ಇಎಸ್‌ಐ ಕಾರ್ಡಿನ ಮೇಲೆ. ಕೆಲಸ ಹೋದರೆ ಈ ತಿಂಗಳ ಕೊನೆಗೆ ಕಾರ್ಡೂ ಹೋಯಿತು. ಆದ್ದರಿಂದ ಅವಳು ನನ್ನನ್ನು ಕೇಳಿದ್ದು ಒಂದೇ ಮಾತು, ಬಂದಾಗಿನಿಂದ ಅದೇ ಮಾತು.

"ಅಕ್ಕಾರ, ನನ್ನ ಕೆಲಸ ತಿರುಗಿ ಸಿಗ್ತೈತೇನ್ರಿ?"

"ಸಿಗಬೇಕವಾ. ಮೊದ್ಲ ಈ ಹಸಿರು ಟಿಕ್ಕು ಯಾರು ಒತ್ತ್ಯಾರ ಅಂತ ಗೊತ್ತಾಗಲಿ."

ನಾನು ಚೀಲದಿಂದ ಹಾಜರಿ ಪಟ್ಟಿ ತೆಗೆದೆ. ಇದು ಕಾಗದ ಬಳಸದ ಆಫೀಸಂತೆ, ಒಂದು ಪ್ರಿಂಟರೂ ಇಲ್ಲ. ಕುಷ್ಟಗಿ ಬಸ್ ಸ್ಟ್ಯಾಂಡಿನ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟು ಹಾಕಿಸಿಕೊಂಡಿದ್ದೆ. ನಲವತ್ತೆರಡು ಹೆಂಗಸರು, ಎರಡು ತಿಂಗಳು. ಬಸ್ಸಿನ ಕುಲುಕಾಟದಲ್ಲಿ ಕೆಂಪು ಪೆನ್ನಿನಿಂದ ಎರಡು ಸಾಲಿಗೆ ಗೆರೆ ಎಳೆದಿದ್ದೆ. ಗೆರೆ ಡೊಂಕಾಗಿತ್ತು, ಲೆಕ್ಕ ಡೊಂಕಾಗಿರಲಿಲ್ಲ.

"ಪ್ರವೀಣಕುಮಾರ, ಇಲ್ಲಿ ನೋಡು. ಇಮಾಮಬೀ ಮೇ ಇಪ್ಪತ್ತರಿಂದ ಗೈರುಹಾಜರು ಅಂತೈತಿ."

"ಹೌದ್ರಿ. ರಾಜೀನಾಮೆ ಕೊಟ್ಟ ಮರುದಿನದಿಂದ ಬಂದೇ ಇಲ್ಲ."

"ಜೂನ್ ಮೂರರ ತನಕ ಬಂದಾಳ ಅಂತ ಶೆಡ್ಡಿನ ಮಂದಿಯೆಲ್ಲಾ ಆಣಿ ಮಾಡಿ ಹೇಳ್ಯಾರ."

"ಹೆಣ್ಮಕ್ಕಳು ಹೇಳೂದು ಬ್ಯಾರೆ, ಡಾಟಾ ಬ್ಯಾರೆ ಮೇಡಂ."

ಈ ಮಾತಿಗೆ ಇಲಾಖೆಯಲ್ಲಿದ್ದಾಗಿನ ಹಾಗೆ ಮೇಜು ಗುದ್ದಬೇಕು ಅನ್ನಿಸಿತು. ಆದರೆ ಮೇಜಿನ ಮೇಲೆ ಅವನ ಲ್ಯಾಪ್‌ಟಾಪು ಇತ್ತು, ನಮ್ಮ ಕೇಸೆಲ್ಲ ಅದರಲ್ಲೇ ಇತ್ತು. ಸುಮ್ಮನಾದೆ.

"ಸರಿ. ಈಗ ಈ ಎರಡನೇ ಗೆರಿ ನೋಡು. ಸುನಿತಾ."

ಸುನಿತಾ ಯಲಬುರ್ಗಾದವಳು, ಇಪ್ಪತ್ತಾರರ ಹುಡುಗಿ. ಕುಷ್ಟಗಿಯಲ್ಲಿ ಬಾಡಿಗೆ ಕೋಣೆ ಮಾಡಿಕೊಂಡು ಇಲ್ಲಿ ಕೆಲಸಕ್ಕಿದ್ದಳು. ಇಮಾಮಬೀ ಕೂರುವ ಸಾಲಿನಲ್ಲೇ ಅವಳ ಟೇಬಲ್ಲು. ಕಳೆದ ಭಾನುವಾರ ತಾವರಗೇರಾದಲ್ಲಿ ಹೆಂಗಸರ ಹೇಳಿಕೆ ಬರೆದುಕೊಳ್ಳುವಾಗ ಅವರು ಮಾತಿನ ನಡುವೆ ಗೊಣಗಿದ್ದರು: ಸುನಿತಾನೂ ಬರವಲ್ಲಳು, ಒಂದು ತಿಂಗಳಾತು, ಅಕಿ ಪಾಲಿನ ಬೀಜಾನೂ ನಾವ ಆರಿಸಬೇಕು.

"ಒಂದು ತಿಂಗಳಿಂದ ಯಾರೂ ನೋಡದಾಕಿ, ನಿಮ್ಮ ಪಟ್ಟಿಯಾಗ ಜೂನ್ ಮೂರರ ತನಕ ಒಂದು ದಿನಾನೂ ತಪ್ಪಿಸಿಲ್ಲ. ಜೂನ್ ನಾಲ್ಕರಿಂದ ಗೈರು. ಜೂನ್ ನಾಲ್ಕಕ್ಕ ಏನಾತು?"

ಪ್ರವೀಣಕುಮಾರ ಪಟ್ಟಿ ನೋಡಿದ. ತಲೆ ಕೆರೆದುಕೊಂಡ. "ಇಮಾಮಬೀನ ಗೇಟಿನ್ಯಾಗ ತಡದ್ವಿ."

"ಇಮಾಮಬೀನ ತಡದ್ರ ಸುನಿತಾನ ಹಾಜರಿ ಯಾಕ ನಿಂತಿತು?"

ಅವನು ಅಷ್ಟು ಹೊತ್ತಿನಲ್ಲಿ ಮೊದಲ ಸಲ ಲ್ಯಾಪ್‌ಟಾಪ್ ಬಿಟ್ಟು ನನ್ನ ಮುಖ ನೋಡಿದ.

ನಾನು ಬೆಂಚಿನ ಕಡೆ ತಿರುಗಿದೆ. "ಇಮಾಮಬೀ, ಗೇಟಿನ ಯಂತ್ರಕ್ಕ ಮುಖ ತೋರಿಸಿದಾಗ ಹೆಸರು ಬರ್ತಿತ್ತೇನವಾ?"

"ಇಲ್ರಿ. ಹೆಸರು ಬರ್ತಿರಲಿಲ್ಲ. ನಂಬರ ಬಂದು ಹಸಿರು ದೀಪ ಹತ್ತತಿತ್ತು, ಒಳಗ ಹೋಗ್ತಿದ್ವಿ."

"ನಿನ್ನ ನಂಬರ ಎಷ್ಟು?"

"ಮೂವತ್ತೊಂದ್ರಿ. ಯಂತ್ರ ಬಂದಾಗಿಂದ ಮೂವತ್ತೊಂದ."

ಪಟ್ಟಿಯನ್ನು ಪ್ರವೀಣಕುಮಾರನ ಮುಂದೆ ಸರಿಸಿದೆ. ಇಪ್ಪತ್ತೇಳು, ಇಮಾಮಬೀ. ಮೂವತ್ತೊಂದು, ಸುನಿತಾ.

"ಮೇಸ್ತ್ರಿನ್ನ ಕರಿ," ಅಂದೆ.

ಶೆಡ್ಡಿನ ಮೇಸ್ತ್ರಿ ಕರಿಬಸಪ್ಪ ಟವೆಲಿನಿಂದ ಮುಖ ಒರೆಸುತ್ತ ಬಂದ. ಐವತ್ತೈದು ದಾಟಿದ ಮನುಷ್ಯ. ನಲವತ್ತೆರಡು ಹೆಂಗಸರಲ್ಲಿ ಹೆಚ್ಚಿನವರ ಹತ್ತಿರ ದೊಡ್ಡ ಫೋನಿಲ್ಲ ಅಂತ, ಹಾಜರಿಯ ಆ್ಯಪು ಬಂದ ದಿನ ಎಲ್ಲರ ಹೆಸರಿಗೂ ಇವನ ನಂಬರನ್ನೇ ಕೊಟ್ಟಿದ್ದರು. ಹೀಗಾಗಿ ಜನವರಿ ಒಂದರಂದು ಇವನಿಗೆ ಮೂವತ್ತಕ್ಕೂ ಹೆಚ್ಚು ಹುಟ್ಟುಹಬ್ಬದ ಶುಭಾಶಯ ಬರುತ್ತವೆ. ಆಧಾರ್ ಕಾರ್ಡಿನಲ್ಲಿ ಅಷ್ಟು ಮಂದಿ ಹುಟ್ಟಿದ್ದು ಅದೇ ದಿನ.

"ಕರಿಬಸಪ್ಪನವರ, ಇಮಾಮಬೀ ರಾಜೀನಾಮೆ ಮಂಜೂರಾದ ಮೆಸೇಜು ನಿಮ್ಮ ಫೋನಿಗೆ ಬಂದಿರಬೇಕಲ್ಲ?"

"ಬಂದಿರಬೇಕ್ರಿ. ದಿನಾ ನೂರು ಬರ್ತಾವ. ಓದಾಕ ಕುಂತ್ರ ಶೆಡ್ ಯಾರು ನೋಡ್ಬೇಕ್ರಿ?"

"ಯಂತ್ರಕ್ಕ ಮೊದಲನೇ ಸಲ ಮುಖ ಕೂಡಿಸಿದವರು ಯಾರು?"

"ನಾನ ನಿಂತು ಮಾಡಿಸೇನ್ರಿ. ಎರಡು ವರ್ಷದ ಮಾತು."

"ಯಾವ ದಿನ?"

"ಅದು ಹ್ಯಾಂಗ ನೆನಪಿರ್ತೈತ್ರಿ ಅಕ್ಕಾರ?"

"ನನಗ ನೆನಪೈತಿ," ಅಂದಳು ಇಮಾಮಬೀ, ಲೋಟ ಕೆಳಗಿಟ್ಟು. "ಅಮಾಸಿ ದಿನ."

ಕರಿಬಸಪ್ಪ ಅವಳನ್ನು ದುರುಗುಟ್ಟಿ ನೋಡಿದ. ಅಲ್ಲಿಗೆ ನನಗೆ ಅರ್ಧ ಗೊತ್ತಾಯಿತು.

ಈ ಶೆಡ್ಡಿನ ಪದ್ಧತಿ ಇಲಾಖೆಯಲ್ಲಿದ್ದಾಗಲೇ ನನಗೆ ಪರಿಚಯ. ಅಮಾವಾಸ್ಯೆಯ ದಿನ ಲಿಂಗಾಯತರ, ಕುರುಬರ ಮನೆಯ ಹೆಂಗಸರು ಬರುವುದಿಲ್ಲ. ಆ ದಿನ ಜರಡಿಯ ಹತ್ತಿರದ ಟೇಬಲ್ಲುಗಳು ಖಾಲಿ ಇರಬಾರದೆಂದು ಮುಸಲ್ಮಾನರ ಮನೆಯ ಹೆಂಗಸರು ತಮ್ಮ ಟೇಬಲ್ಲು ಬಿಟ್ಟು ಅಲ್ಲಿ ಕೂರುತ್ತಾರೆ. ರಮಜಾನಿನ ಕೊನೆಯ ದಿನಗಳಲ್ಲಿ ಇವರು ಬೇಗ ಹೊರಟರೆ ಅವರು ಇವರ ಕೆಲಸ ಮುಗಿಸಿಕೊಡುತ್ತಾರೆ. ಯಾರೂ ಬರೆದಿಟ್ಟ ನಿಯಮವಲ್ಲ. ಹಳೆಯ ಹಾಜರಿ ಪುಸ್ತಕದಲ್ಲಿ ಗುಮಾಸ್ತ ಪಕ್ಕದಲ್ಲೊಂದು ಚುಕ್ಕಿ ಇಟ್ಟರೆ ಮುಗಿಯುತ್ತಿತ್ತು.

"ಹೇಳ್ರಿ ಕರಿಬಸಪ್ಪನವರ. ಅಮಾಸಿ ದಿನ ಮಂದಿ ಅರ್ಧ ಇರಲಿಲ್ಲ. ಮುಖ ಹ್ಯಾಂಗ ಕೂಡಿಸಿದ್ರಿ?"

"ಆಫೀಸಿನವ್ರು ಟೇಬಲ್ ಪಟ್ಟಿ ಕೊಟ್ಟಿದ್ರು. ಟೇಬಲ್ ನಂಬರ ನೋಡ್ಕೋತ ಕೂಡಿಸ್ಕೋತ ಹೋದೆ. ಅವತ್ತ ಮುಗಿಸ್ಬೇಕು ಅಂತ ಮ್ಯಾಲಿಂದ ಕಟ್ಟುನಿಟ್ಟು."

"ಇಮಾಮಬೀ ಅವತ್ತು ಎಲ್ಲಿ ಕುಂತಿದ್ಲು?"

ಕರಿಬಸಪ್ಪ ಟವೆಲಿನಿಂದ ಮತ್ತೆ ಮುಖ ಒರೆಸಿಕೊಂಡ.

"ಸುನಿತಾನ ಟೇಬಲ್ಲಿಗೆ ಕುಂತಿದ್ದೆ," ಅಂದಳು ಇಮಾಮಬೀಯೇ. "ಮೂವತ್ತೊಂದನೇ ಟೇಬಲ್."

"ಮರುದಿನ ಸುನಿತಾ ಬಂದ್ಲು. ಅಕಿ ನಂಬರಿನ್ಯಾಗ ಆಗಲೇ ಇಮಾಮಬೀ ಮುಖ ಕುಂತಿತ್ತು. ಖಾಲಿ ಉಳದಿದ್ದು ಇಪ್ಪತ್ತೇಳು. ಅಕಿನ ಅಲ್ಲಿ ಕೂಡಿಸಿದ್ರಿ. ಹೌದಿಲ್ಲೋ?"

ಕರಿಬಸಪ್ಪ ಟವೆಲು ಮಡಚಿದ, ಬಿಚ್ಚಿದ. "ಆಮ್ಯಾಲ ಸರಿ ಮಾಡಿದ್ರಾತು ಅಂತ ಬಿಟ್ಟೆ ಅಕ್ಕಾರ. ಸರಿ ಮಾಡಾಕ ಹ್ವಾದ್ರ ಆಫೀಸಿನ್ಯಾಗ ಟಿಕೆಟ್ ಎತ್ತು ಅಂದ್ರು. ಟಿಕೆಟ್ ಅಂದ್ರ ಬಸ್ಸಿಂದೋ ರೈಲಿಂದೋ ನನಗೇನ್ ತಿಳೀತೈತ್ರಿ? ಇಬ್ಬರಿಗೂ ಪಗಾರ ಒಂದ, ಇಬ್ಬರೂ ದಿನಾ ಬರೋರು. ಯಾರಿಗೂ ಏನೂ ತೊಂದ್ರಿ ಆಗಲಿಲ್ಲ."

"ಎರಡು ವರ್ಷ ಆಗಲಿಲ್ಲ. ಈಗ ನೋಡ್ರಿ."

ನನಗೆ ಅವನ ಮೇಲೆ ಸಿಟ್ಟು ಬರಬೇಕಿತ್ತು. ಬಂದದ್ದು ಆ ಟಿಕೆಟಿನ ಮೇಲೆ, ಅಂದರೆ ಆ್ಯಪಿನವರಿಗೆ ಕಳಿಸಬೇಕಾದ ಆ ದೂರಿನ ಮೇಲೆ. ಒಂದು ಪೆನ್ನು, ಒಂದು ಚುಕ್ಕಿ ಸಾಕಾಗುತ್ತಿದ್ದ ಕೆಲಸಕ್ಕೆ ಈಗ ನಾಲ್ಕು ಊರಿನ ಆಚೆಯ ಯಾರದೋ ಅಪ್ಪಣೆ ಬೇಕು!

"ಚಾ ಹೇಳಿ ಬರ್ತೀನ್ರಿ," ಅಂದು ಕರಿಬಸಪ್ಪ ಹೊರಗೆ ಹೋದ. ಗೋಡೆಯ ಗಡಿಯಾರ ಹನ್ನೊಂದೂ ಐದು ತೋರಿಸುತ್ತಿತ್ತು.

ಪ್ರವೀಣಕುಮಾರನ ಮುಖ ಅರಳಿತ್ತು. ಅವನು ಕೆಟ್ಟವನಲ್ಲ. ಉತ್ತರ ಸಿಕ್ಕರೆ ಖುಷಿಪಡುವ ಜಾತಿ, ಅದು ಸರಿಯಾದ ಪ್ರಶ್ನೆಯ ಉತ್ತರವೇ ಎಂದು ನೋಡುವ ತಾಳ್ಮೆ ಇಲ್ಲ, ಅಷ್ಟೇ.

"ಹಂಗಾದ್ರ ಮುಗೀತಲ್ರಿ ಮೇಡಂ! ಇಪ್ಪತ್ತೇಳನೇ ನಂಬರ ತೆರೆಯೂದು ಸುನಿತಾನ ಮುಖಕ್ಕ. ಅಂದ್ರ ರಾಜೀನಾಮೆ ಕೊಟ್ಟಾಕಿ ಸುನಿತಾ. ಇಮಾಮಬೀದು ತಪ್ಪಿಲ್ಲ. ನಾ ಈಗ ಬರೀತೀನಿ, ಇವ್ರು ನಾಳೆ ಕೆಲಸಕ್ಕ ಬರಬೌದು."

ಇಮಾಮಬೀ ಎದ್ದು ನಿಂತಳು. ಎರಡೂ ಕೈ ಮುಖಕ್ಕೆ ಒತ್ತಿಕೊಂಡು "ಯಾ ಅಲ್ಲಾ" ಅಂದಳು. ಅತ್ತಳು ಕೂಡ.

ಆದರೆ ಅಲ್ಲಿಗೆ ಬಿಡುವ ಜಾಯಮಾನ ನನ್ನದಲ್ಲ. ಸುನಿತಾನ ಫೋನಿಗೆ ಹಚ್ಚಿದೆ. ಸ್ವಿಚ್ ಆಫ್. ಪಟ್ಟಿಯಲ್ಲಿ ಮನೆಯವರ ನಂಬರಿತ್ತು. ಹಚ್ಚಿದೆ. ಯಲಬುರ್ಗಾದಿಂದ ಅವಳ ತಾಯಿ ಎತ್ತಿದಳು.

"ಸುನಿತಾ ಮನ್ಯಾಗ ಅದಾಳೇನ್ರಿ?"

"ಇಲ್ರಿ, ಕುಷ್ಟಗಿಯಾಗ ಡೂಟಿ ಮ್ಯಾಲ ಅದಾಳ. ಯಾರ್ರಿ ನೀವು?"

"ಕಂಪನಿಯಿಂದ ಮಾತಾಡಾಕತ್ತೀನವಾ. ಅಕಿ ಕೂಡ ಮಾತಾಡಿ ಎಷ್ಟು ದಿನ ಆತು?"

"ತಿಂಗಳಾತ್ರಿ. ಫೋನ್ ಕೆಟ್ಟೈತಿ, ರಿಪೇರಿಗೆ ಕೊಡ್ತೀನಿ ಅಂದಿದ್ಲು. ದಿನಾ ನಿಮ್ಮ ಮೆಸೇಜ್ ಬರ್ತಿತ್ತಲ್ರಿ, ನಿಮ್ಮ ಮಗಳು ಕೆಲಸಕ್ಕ ತಲುಪ್ಯಾಳ ಅಂತ. ಅದನ್ನ ಓದಿಸ್ಕೊಂಡು ನೆಮ್ಮದಿಲೇ ಇದ್ದೆ. ಹದಿನೈದು ದಿನ ಆತು, ಅದೂ ನಿಂತೈತಿ. ನನ್ನ ಫೋನಿಂದ ಕರೆನ್ಸಿ ಮುಗದಿರಬೇಕು. ಯಾಕ್ರಿ, ಏನಾಗೈತಿ?"

ಏನೂ ಇಲ್ಲ ಅಂದು ಫೋನಿಟ್ಟೆ. ಅದು ಸುಳ್ಳು.

"ಏನ್ ಮೆಸೇಜ್ ಇದು?" ಅಂತ ಪ್ರವೀಣಕುಮಾರನನ್ನು ಕೇಳಿದೆ.

"ಹೆಣ್ಮಕ್ಕಳ ಸುರಕ್ಷತೆಗೆ ಅಂತ ಮಾಡೇವ್ರಿ. ಗೇಟಿನ್ಯಾಗ ಮುಖ ತೋರಿಸಿದ ಕೂಡ್ಲೇ ಮನಿಯವ್ರಿಗೆ ಹೋಗ್ತೈತಿ." ಅಷ್ಟು ಹೇಳಿ ನಿಲ್ಲಿಸಿದ. ಅವನಿಗೂ ಈಗ ಹೊಳೆದಿತ್ತು. ಎರಡು ವಾರ ಇಮಾಮಬೀ ದಿನಾ ಬೆಳಿಗ್ಗೆ ಗೇಟಿಗೆ ಮುಖ ತೋರಿಸಿ, ಯಲಬುರ್ಗಾದ ಆ ತಾಯಿಗೆ ನಿನ್ನ ಮಗಳು ಸುಖವಾಗಿದ್ದಾಳೆ ಅಂತ ಹೇಳುತ್ತ ಬಂದಿದ್ದಳು. ಹುಡುಗಿಯನ್ನು ಯಾರೂ ಹುಡುಕಲಿಲ್ಲ.

"ರಾಜೀನಾಮೆ ಕೊಡುವಾಗ ಫೋಟೋ ತಗೋತೈತಿ ಅಂದಿದ್ದಿ. ಆ ಫೋಟೋ ಎಲ್ಲಿ?"

"ಸರ್ವರಿನ್ಯಾಗ ಐತ್ರಿ. ಒಂದು ವಾರದ ಹಿಂದ ಟಿಕೆಟ್ ಎತ್ತೇನಿ."

"ಬಂತೇನು?"

"'ನಿಮ್ಮ ಟಿಕೆಟ್ ನಮಗೆ ಮುಖ್ಯ' ಅಂತ ಬಂದೈತ್ರಿ. ಫೋಟೋ ಬಂದಿಲ್ಲ." ಅವನು ಕೀಲಿ ಒತ್ತುತ್ತ ಹೋದ. ಒಮ್ಮೆಗೇ ನಿಂತ. "ಮೇಡಂ, ಇನ್ನೊಂದು ಐತಿ. ಮುಖದ ಫೋಟೋ ಮೂವತ್ತು ದಿನ ಅಷ್ಟ ಇಡ್ತಾರ. ಆಮ್ಯಾಲ ತಾನ ಅಳಿಸಿ ಹೋಗ್ತೈತಿ."

"ಮೇ ಹತ್ತೊಂಬತ್ತಕ್ಕ ತಗದಿದ್ದು. ಇವತ್ತು?"

"ಇವತ್ತ ಮೂವತ್ತನೇ ದಿನ. ಹನ್ನೊಂದೂ ಐವತ್ತೆರಡಕ್ಕ ಹೋಗ್ತೈತಿ."

"ಇದನ್ನ ಈಗ ಹೇಳ್ತಿ?" ಈ ಸಲ ಮೇಜು ಗುದ್ದಿಯೇ ಬಿಟ್ಟೆ. "ಹತ್ತು ಗಂಟೆಯಿಂದ ಟಿಕ್ಕು ತೋರಿಸ್ಕೋತ ಕುಂತೀಯಲ್ಲ, ಮಾರಾಯಾ! ಹಚ್ಚು ಫೋನು!"

ಹಚ್ಚಿದ. ಹಿಂದಿಗೆ ಒಂದು, ಇಂಗ್ಲಿಷಿಗೆ ಎರಡು, ಕನ್ನಡಕ್ಕೆ ಮೂರು. ಮೂರು ಒತ್ತಿದ. ಸಂಗೀತ ಶುರುವಾಯಿತು. ಹತ್ತು ನಿಮಿಷ ಅದೇ ಸಂಗೀತ. ಆ ಹತ್ತು ನಿಮಿಷದಲ್ಲಿ ಲೋಕದ ಎಲ್ಲ ಯಂತ್ರಗಳಿಗೂ ನಾನು ಮನಸ್ಸಿನಲ್ಲೇ ಬೈದು ಮುಗಿಸಿದೆ. ಆಮೇಲೆ ಒಬ್ಬ ಹುಡುಗಿ ಬಂದಳು, ಬಾಯಿಪಾಠದ ಕನ್ನಡದಲ್ಲಿ "ನಿಮಗೆ ಹೇಗೆ ಸಹಾಯ ಮಾಡಲಿ?" ಅಂದಳು. ಅವಳ ಹಿಂದೆ ಕೋಳಿ ಕೂಗಿದ್ದು ಸ್ಪಷ್ಟವಾಗಿ ಕೇಳಿಸಿತು.

ಫೋನು ಕಿತ್ತುಕೊಂಡೆ. "ಯವ್ವಾ, ಯಾವ ಊರು ನಿಂದು?"

ಅವಳು ದನಿ ತಗ್ಗಿಸಿದಳು. "ಗಂಗಾವತಿ ಹತ್ರ ಮರಳಿ ಅಂತ ಹಳ್ಳಿರಿ. ಖುಷ್ಬು ಅಂತ. ಮನ್ಯಾಗ ಕುಂತು ಕೆಲಸ ಮಾಡ್ತೀನ್ರಿ."

ಕ್ಲೌಡಿನಲ್ಲಿದೆ, ಸರ್ವರಿನಲ್ಲಿದೆ ಅಂತ ಇವನು ಒಂದು ವಾರ ಆಕಾಶ ತೋರಿಸಿದ್ದ. ಕೀಲಿಕೈ ಮರಳಿಯ ಒಂದು ಮನೆಯಲ್ಲಿತ್ತು! ಇಮಾಮಬೀಯ ಕೆಲಸ, ನೂರಸಾಬನ ಡಯಾಲಿಸಿಸ್, ಕಾಣೆಯಾದ ಸುನಿತಾ, ಮೂರನ್ನೂ ಮೂರು ಮಾತಿನಲ್ಲಿ ಹೇಳಿದೆ.

"ಟಿಕೆಟ್ ನಂಬರ ಹೇಳ್ರಿ ಅಕ್ಕಾರ," ಅಂದಳು ಖುಷ್ಬು. "ನಿಮ್ಮ ಕಂಪನಿ ಟಿಕೆಟ್ ಐತಿ, ಕಳಸಾಕ ನನಗ ಅಧಿಕಾರ ಐತಿ. ಯಾರೂ ನೋಡಿರಲಿಲ್ಲ ಅಷ್ಟ."

ಹನ್ನೊಂದೂ ನಲವತ್ತಕ್ಕೆ ಫೋಟೋ ಬಂತು.

ಸುನಿತಾನೇ ಅಂತ ಪ್ರವೀಣಕುಮಾರ ಗುರುತಿಸಿದ. ದುಂಡು ಮುಖ, ಮೂಗುಬಟ್ಟು. ಹಿಂದೆ ಶೆಡ್ಡಿನ ಹಿಂದಿರುವ, ಬೀಜಕ್ಕೆ ಔಷಧಿ ಹಚ್ಚುವ ಕೋಣೆಯ ಗೋಡೆ, ಗುಲಾಬಿ ಡ್ರಮ್ಮು. ಮುಖ ಒಂದು ಬದಿಗೆ ವಾಲಿತ್ತು. ತುಟಿಯ ಪಕ್ಕ ನೊರೆ ಇತ್ತು. ಕಣ್ಣು ಮುಚ್ಚಿದ್ದವು.

"ಕಣ್ಣು ಮುಚ್ಚಿದ ಮುಖಾನ ಯಂತ್ರ ಹ್ಯಾಂಗ ಒಪ್ಪಿತು?"

"ಕಣ್ಣು ಪಿಳುಕಿಸಬೇಕು ಅಂತ ಮೊದ್ಲ ಇತ್ರಿ," ಪ್ರವೀಣಕುಮಾರನ ದನಿ ಕೇಳಿಸುವುದೇ ಕಷ್ಟವಾಗಿತ್ತು. "ಗೇಟಿನ್ಯಾಗ ಸಾಲು ಉದ್ದ ಆಗ್ತೈತಿ ಅಂತ ತಗಸಿದ್ವಿ."

ರಾಜೀನಾಮೆಯ ಕಾರಣ ಅದರ ಕೆಳಗಿತ್ತು: ವೈಯಕ್ತಿಕ. ಪ್ರಜ್ಞೆ ತಪ್ಪಿ ಬಿದ್ದ ಹುಡುಗಿಯ ವೈಯಕ್ತಿಕ ಕಾರಣ. ಕಂಪನಿಯ ಔಷಧಿ ಕೋಣೆಯಲ್ಲಿ ಅವಳು ಬಿದ್ದ ಹೊತ್ತಿಗೇ, ಹೊಣೆ ಕಂಪನಿಯ ಮೇಲೆ ಬರದ ಹಾಗೆ, ಅವಳೇ ಕಂಪನಿ ಬಿಡುತ್ತಿದ್ದಾಳೆ ಅಂತ ಯಾರೋ ಬರೆಸಿದ್ದರು. ಅವಳ ಮುಖಕ್ಕೆ ಇಮಾಮಬೀಯ ನಂಬರು ತೆರೆಯುತ್ತದೆ ಅನ್ನುವುದು ಅವರಿಗೆ ಗೊತ್ತಿರಲಿಲ್ಲ. ಶೆಡ್ಡಿನ ಮೇಸ್ತ್ರಿಗೆ ಗೊತ್ತಿತ್ತು. ಅಂದರೆ ಬರೆಸಿದವರು ಮೇಸ್ತ್ರಿಯಲ್ಲ.

ಇಷ್ಟು ಯೋಚಿಸಿದ ಮೇಲೆ ಫೋಟೋದ ಕೆಳ ಅಂಚು ನೋಡಿದೆ. ಸುನಿತಾನ ಗದ್ದವನ್ನು ಒಂದು ಕೈ ಎತ್ತಿ ಹಿಡಿದಿತ್ತು. ಗುಲಾಬಿ ಉಗುರುಗಳು. ನಾಲ್ಕು ಬೆರಳು ಗದ್ದದ ಕೆಳಗೆ, ಕಿರುಬೆರಳು ಮಾತ್ರ ಮಡಚದೆ ಡೊಂಕಾಗಿ ಎದ್ದು ನಿಂತಿತ್ತು.

ತಿರುಗಿ ನೋಡಿದೆ. ಇಮಾಮಬೀ ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡಿದ್ದಳು.

"ಇಮಾಮಬೀ."

"ನಂದ ಕೈ ಅಕ್ಕಾರ." ಅವಳು ಮತ್ತೆ ಬೆಂಚಿನ ಮೇಲೆ ಕುಸಿದಳು. "ಔಷಧಿ ವಾಸನಿಗೆ ತಲಿ ತಿರುಗಿ ಬಿದ್ಲು. ನಾವಿಬ್ಬರ ಇದ್ವಿ. ಓಡಿ ಹೋಗಿ ಕರಕೊಂಡು ಬಂದೆ. ಬಂದವರು ಫೋನ್ ತಗದು, ಮೊದ್ಲ ಹಾಜರಿ ಹಾಕೂನು, ಇಲ್ಲಂದ್ರ ಅಕಿ ಅರ್ಧ ದಿನ ಹೋಗ್ತೈತಿ, ಗದ್ದ ಎತ್ತಿ ಹಿಡಿ ಅಂದ್ರು. ಪಾಪ, ಬಡವರ ಹುಡುಗಿ, ಅರ್ಧ ದಿನಾನಾದ್ರೂ ಯಾಕ ಹೋಗ್ಬೇಕು ಅಂತ ಹಿಡದೆ."

ಅವಳು ಹಿಡಿದದ್ದು ಸುನಿತಾನ ಅರ್ಧ ದಿನ ಉಳಿಸಲು. ಆ ಮುಖಕ್ಕೆ ತೆರೆದದ್ದು ಅವಳದೇ ನಂಬರು. ತನ್ನ ಕೈಯಾರೆ ಅವಳು ತನ್ನ ಕೆಲಸ ಕಳೆದುಕೊಂಡಿದ್ದಳು.

"ಇಷ್ಟು ದಿನ ಯಾಕ ಹೇಳಲಿಲ್ಲವಾ?" ನನಗೆ ಸಂಕಟಕ್ಕಿಂತ ಸಿಟ್ಟೇ ಹೆಚ್ಚು ಬಂತು. "ಮೂರು ಸಲ ಹೇಳಿಕಿ ತಗೊಂಡೆ ನಿಂದು!"

"ಅಕಿ ಲಗ್ನ ಗೊತ್ತಾಗೈತ್ರಿ. ಮೂರ್ಛೆ ಬಂದಿತ್ತು ಅಂತ ಊರಾಗ ಗೊತ್ತಾದ್ರ ಲಗ್ನ ಮುರೀತೈತಿ, ಬಾಯಿ ಬಿಡಬ್ಯಾಡ ಅಂದ್ರು. ಜೀಪಿನ್ಯಾಗ ಮಲಗಿಸ್ಕೊಂಡು ಹೋದ್ರು. ದವಾಖಾನಿಗೆ ತೋರಿಸಿ ಯಲಬುರ್ಗಾಕ್ಕ ತಾಯಿ ಮನಿಗೆ ಬಿಟ್ಟು ಬಂದೇವಿ ಅಂದ್ರು. ನಾ ನಂಬಿದೆ." ಅವಳು ನನ್ನ ಫೋನಿನ ಕಡೆ ನೋಡಿದಳು. "ಈಗ ಆ ತಾಯಿ ಹೇಳಿದ್ದು ನಾನೂ ಕೇಳಿದೆ ಅಕ್ಕಾರ. ಅಲ್ಲಿ ಮುಟ್ಟೇ ಇಲ್ಲ."

"ಫೋನ್ ಹಿಡದವರು ಯಾರು?"

ಪ್ರವೀಣಕುಮಾರ ಎದ್ದು ಹೋಗಿ ಬಾಗಿಲು ಮುಂದೆ ಮಾಡಿದ. ಬಂದು ಕೂತು, ನಾನು ಹೇಳದೆಯೇ ಫೋಟೋವನ್ನು ತನ್ನ ಫೋನಿಗೂ ಖುಷ್ಬುವಿನ ಟಿಕೆಟಿಗೂ ಉಳಿಸಿಕೊಂಡ. ಆ ಒಂದು ಕೆಲಸಕ್ಕೆ ಬೆಳಗಿನಿಂದ ಅವನು ಕೊಟ್ಟ ತಲೆನೋವನ್ನು ಮನ್ನಿಸಿದೆ.

"ಹೇಳಿದ್ರ ಕೆಲಸ ಹೋಗ್ತೈತಿ," ಅಂದಳು ಇಮಾಮಬೀ, ನನ್ನನ್ನಲ್ಲ, ತನ್ನನ್ನೇ ಕೇಳಿಕೊಂಡ ಹಾಗೆ. "ಈಗ ತಾನೇ ತಿರುಗಿ ಸಿಕ್ಕಿತ್ತು. ಒಂದು ತಾಸೂ ಆಗಿಲ್ಲ." ಸೆರಗಿನಿಂದ ಕೈ ಹೊರಗೆ ತೆಗೆದು ಮೇಜಿನ ಮೇಲಿಟ್ಟಳು. "ಬರಕೋರ್ರಿ ಅಕ್ಕಾರ. ಹೋದ್ರ ಹೋಗಲಿ ಅಂತ ತಿಳಕೊಂಡ ಹೇಳಾಕತ್ತೀನಿ. ಗುರುಬಸವ ಸಾಹೇಬ್ರು."

ನಾನು ಬರೆದುಕೊಂಡೆ. ಪೆನ್ನಿನ ಒತ್ತಿಗೆ ಎರಡು ಕಡೆ ಕಾಗದ ಹರಿಯಿತು. ಆಮೇಲೆ ಚೀಲದಿಂದ ನನ್ನ ನೇಮಕದ ಪತ್ರ ತೆಗೆದೆ. ಹಳೆಯ ಕೆಲಸಗಾರ್ತಿಗೆ ನ್ಯಾಯ ಬೇಕೆಂದವರ ಸಹಿ ಚೆನ್ನಾಗಿತ್ತು. ವಿಚಾರಣೆ ಹದಿನೆಂಟನೇ ತಾರೀಖು, ಮಧ್ಯಾಹ್ನ ಎರಡು. ಫೋಟೋ ಅಳಿಸಿಹೋಗಿ ಎರಡು ತಾಸಿನ ಮೇಲೆ.

ಗಡಿಯಾರದಲ್ಲಿ ಹನ್ನೊಂದೂ ಐವತ್ತೈದು. ಚಹಾ ಹೇಳಲು ಹೋದ ಕರಿಬಸಪ್ಪ ಇನ್ನೂ ಬಂದಿರಲಿಲ್ಲ. ಅವನು ಯಾರಿಗೆ ಸುದ್ದಿ ಮುಟ್ಟಿಸಿರಬೇಕು ಅಂತ ಹೊಳೆಯುವಷ್ಟರಲ್ಲೇ ಗೇಟು ತೆರೆದ ಸದ್ದಾಯಿತು, ಓಬಳೆಪ್ಪ ಯಾರಿಗೋ ಸಲಾಮು ಹೊಡೆದ ಸದ್ದೂ ಕೇಳಿಸಿತು.

ಇಮಾಮಬೀ ಕಿಟಕಿಯಲ್ಲಿ ಬಗ್ಗಿ ನೋಡಿದಳು.

"ಅದ ಜೀಪ್ರಿ ಅಕ್ಕಾರ," ಅಂದಳು.